ಜಾತ್ರೆಯ ಬಸ್ಸು, ಸೋಮವಾರದ ಬಸ್ಸು

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತು ಕೇಳ್ತಿರೋರಿಗೆ ಇವತ್ತು ಒಂದು ನಮಸ್ಕಾರ ಜಾಸ್ತಿ. ಯಾಕಂದ್ರೆ ಇವತ್ತಿನ ಕಥೆ ನಿಮ್ಮದೇ.

ಬೆಳಗಾವಿಗೂ ಖಾನಾಪುರಕ್ಕೂ ನಡುವೆ ಇರೋದು ಹೆಚ್ಚುಕಡಿಮೆ 26 ಕಿಲೋಮೀಟರ್. ಅಷ್ಟು ಚಿಕ್ಕ ದಾರಿಯಲ್ಲಿ ಎಷ್ಟು ಇತಿಹಾಸ ಐತಿ ಅಂತ ಹೇಳೋಕೆ ಹೊರಟಿದ್ದೇನೆ. ರಾಜ ಮಹಾರಾಜರ ಇತಿಹಾಸ ಅಲ್ಲ. ಜನ ಒಂದು ಕಡೆ ಸೇರೋದು ಹೇಗೆ, ಸೇರಿದ ಮೇಲೆ ಮನೆಗೆ ಹೋಗೋದು ಹೇಗೆ ಅನ್ನೋ ಇತಿಹಾಸ. ಈ ಊರಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು: ಒಂದು ದಿನದ ಮಟ್ಟಿಗೆ ಸಾವಿರಾರು ಜನರನ್ನ ಕರೆತಂದು, ಊಟ ಹಾಕಿ, ವಾಪಸ್ ಕಳಿಸೋದು. ಹಾಗಾದ್ರೆ ಮರುದಿನ ಸೋಮವಾರ, ನಂದಗಡದ ಹುಡುಗಿಗೆ ಕಾಲೇಜು ಮುಗಿಸಿ ಮನೆ ಮುಟ್ಟೋಕೆ ಯಾಕೆ ಅಷ್ಟು ಒದ್ದಾಟ? ಇದು ನನ್ನ ಪ್ರಶ್ನೆ.

ರೈಲಿನಿಂದ ಶುರು ಮಾಡೋಣ.

ರೈಲು ಬರೋಕೆ ಮೊದಲು ಬೆಳಗಾವಿಯ ಸರಕು ಎತ್ತಿನ ಬಂಡಿ ಏರಿ, ಘಟ್ಟ ಇಳಿದು, ವೆಂಗುರ್ಲಾ ಬಂದರಿಗೆ ಹೋಗ್ತಿತ್ತು. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನೇ ಸುಟ್ಟ ಬರಗಾಲ ಬಂತಲ್ಲ, ಆಗ ಬ್ರಿಟಿಷ್ ಸರ್ಕಾರಕ್ಕೆ ಒಂದು ಸತ್ಯ ಗೊತ್ತಾಯ್ತು. ಒಂದು ಕಡೆ ಧಾನ್ಯ ಇದ್ರೂ ಇನ್ನೊಂದು ಕಡೆ ಜನ ಸಾಯ್ತಾರೆ, ಸಾಗಿಸೋ ದಾರಿ ಇಲ್ಲದಿದ್ರೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಬೆಳಗಾವಿ, ಖಾನಾಪುರ, ಲೋಂಡಾ ಈ ಮೂರಕ್ಕೂ ಮೀಟರ್ ಗೇಜ್ ಹಳಿ ಬಂತು. ಲೋಂಡಾದಿಂದ ಕ್ಯಾಸಲ್‌ರಾಕ್ ದಾಟಿ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಮುರಗಾಂವ್ ಬಂದರಿನ ತನಕ ದಾರಿ ತೆರೀತು.

ಆ ಹಳಿ ಹಾಕಿದವರ ತಲೆಯಲ್ಲಿ ಇದ್ದಿದ್ದು ಹತ್ತಿ, ಧಾನ್ಯ, ಕಟ್ಟಿಗೆ, ಕಂಟೋನ್ಮೆಂಟಿನ ಸೈನ್ಯ. ಖಾನಾಪುರದ ಹಂಚು ಊರೂರಿಗೆ ಹೋಗೋಕೂ ದಾರಿ ಆಯ್ತು. ಆದ್ರೆ ಹಳಿ ಅನ್ನೋದು ಒಂದು ಸಲ ಬಂತಂದ್ರೆ ಅದರ ಮೇಲೆ ಜನ ತಮ್ಮ ಕೆಲಸ ತಾವೇ ಹುಡುಕಿಕೊಳ್ತಾರೆ. ಬೀಗರ ಮನೆಗೆ ಹೋದ್ರು, ಸಂತೆಗೆ ಹೋದ್ರು, ಆಮೇಲೆ ಭಾಷಣ ಕೇಳೋಕೆ ಹೋದ್ರು.

ಭಾಷಣ ಅಂದ್ರೆ ಸಣ್ಣದಲ್ಲ. 1916ರ ಏಪ್ರಿಲ್‌ನಲ್ಲಿ ಲೋಕಮಾನ್ಯ ಟಿಳಕರು ತಮ್ಮ ಹೋಮ್ ರೂಲ್ ಲೀಗ್ ಶುರು ಮಾಡಿದ್ದು ಇದೇ ಬೆಳಗಾವಿಯಲ್ಲಿ. ಎಂಟು ವರ್ಷ ಬಿಟ್ಟು, 1924ರ ಡಿಸೆಂಬರ್ 26 ಮತ್ತು 27ಕ್ಕೆ, ಕಾಂಗ್ರೆಸ್ಸಿನ 39ನೇ ಅಧಿವೇಶನ. ಗಾಂಧೀಜಿ ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ಕರ್ನಾಟಕದ ಸಿಂಹ ಅಂತ ಕರೆಸಿಕೊಂಡ ಗಂಗಾಧರರಾವ್ ದೇಶಪಾಂಡೆ ಅದರ ಬೆನ್ನೆಲುಬು. ಡೇರೆಗಳ ಊರಿಗೆ ವಿಜಯನಗರ ಅಂತ ಹೆಸರಿಟ್ಟರು. ಇನ್ನೂ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದ್ರು. ಕರ್ನಾಟಕ ಏಕೀಕರಣದ ಕೂಗಿಗೂ ಅದೇ ವೇದಿಕೆಯ ಪಕ್ಕದಲ್ಲೇ ಬಲ ಬಂತು.

ಈ ಕಥೆಯನ್ನ ಶಾಲೆಯಲ್ಲಿ ಕೇಳಿರ್ತೀರಿ. ನಾನು ನಿಮಗೆ ತೋರಿಸಬೇಕು ಅಂದ್ಕೊಂಡಿರೋದು ಆ ಜಾಗದ ನಕ್ಷೆ. ಟಿಳಕವಾಡಿಗೆ ಹೋದ್ರೆ ಕಾಂಗ್ರೆಸ್ ರೋಡ್ ಅಂತ ಇದೆಯಲ್ಲ, ಅದು ರೈಲು ಹಳಿಯ ಪಕ್ಕಪಕ್ಕದಲ್ಲೇ ಓಡ್ತದೆ. ಲಾಹೋರಿನವರೂ ಬರಬೇಕು, ಮದರಾಸಿನವರೂ ಬರಬೇಕು ಅಂದ್ರೆ ಹಳಿಯ ಹತ್ತಿರವೇ ಚಪ್ಪರ ಹಾಕಬೇಕಲ್ಲ. ಅಧಿವೇಶನಕ್ಕಾಗಿ ಅಲ್ಲೇ ಒಂದು ತಾತ್ಕಾಲಿಕ ರೈಲು ನಿಲ್ದಾಣ ಮಾಡಿದ್ದರು ಅಂತ ಆ ದಿನಗಳ ಬಗ್ಗೆ ಬರೆದವರು ಹೇಳ್ತಾರೆ. ಜೊತೆಗೆ ನೀರಿಗಾಗಿ ಒಂದು ಬಾವಿ ತೋಡಿದರು. ಖರ್ಚು 4370 ರೂಪಾಯಿ 3 ಆಣೆ ಅಂತ ದಾಖಲೆ. ಅಧಿವೇಶನ ಮುಗೀತು, ಡೇರೆ ಬಿಚ್ಚಿದ್ರು, ಜನ ಹೋದ್ರು, ನಿಲ್ದಾಣವೂ ಹೋಯ್ತು. ಬಾವಿ ಉಳೀತು. ಇವತ್ತಿಗೂ ಅದನ್ನ ಕಾಂಗ್ರೆಸ್ ಬಾವಿ ಅಂತಲೇ ಕರೀತಾರೆ.

ಈ ಎರಡನ್ನೂ ನೆನಪಿನಲ್ಲಿ ಇಟ್ಕೊಳ್ರಿ. ಹಬ್ಬ ಮುಗಿದ ಮೇಲೆ ಹೋದ ನಿಲ್ದಾಣ, ಹಬ್ಬ ಮುಗಿದ ಮೇಲೂ ಉಳಿದ ಬಾವಿ. ಮುಂದಿನ ನೂರು ವರ್ಷದ ಲೆಕ್ಕ ಇದರಲ್ಲೇ ಐತಿ.

ಈಗ ಓಣಿಗೆ ಬರೋಣ. ಬೆಳಗಾವಿಯ ಗಣೇಶೋತ್ಸವ ನೋಡದೆ ಬೆಳಗಾವಿ ನೋಡಿದೆ ಅನ್ನಬಾರದು. ಟಿಳಕರು 1893ರ ಸುಮಾರಿಗೆ ಪುಣೆಯಲ್ಲಿ ಬೀದಿಗೆ ತಂದ ಹಬ್ಬ, ಮುಂದಿನ ಶತಮಾನದ ಮೊದಲ ದಶಕದಲ್ಲೇ ಇಲ್ಲಿಗೆ ಬಂತು. ಝೆಂಡಾ ಚೌಕದ ಗಣಪತಿಯನ್ನ ಊರು ಹಿರಿಯಣ್ಣ ಅಂತ ನೋಡ್ತದೆ. ಆಮೇಲೆ ಓಣಿಗೊಂದು ಮಂಡಳಿ, ಮಂಡಳಿಗೊಂದು ಗಣಪತಿ. ಕನ್ನಡ, ಮರಾಠಿ, ಉರ್ದು ಎಲ್ಲ ಒಂದೇ ಗಲ್ಲಿಯಲ್ಲಿ ಕೇಳೋ ಊರು ಇದು. ವಿಸರ್ಜನೆಯ ಮೆರವಣಿಗೆ ಕಪಿಲೇಶ್ವರ ಕೆರೆಗೆ ಹೊರಟರೆ ಮರುದಿನ ಬೆಳಗಾದ್ರೂ ಮುಗಿಯೋದಿಲ್ಲ. ಶಿವಜಯಂತಿಯ ಚಿತ್ರರಥಗಳು, ವಡಗಾವಿಯ ಮಂಗಾಯಿದೇವಿ ಜಾತ್ರೆ, ನವೆಂಬರ್ 1ಕ್ಕೆ ಚನ್ನಮ್ಮ ವೃತ್ತದಲ್ಲಿ ಸಮುದ್ರದ ಹಾಗೆ ಸೇರೋ ರಾಜ್ಯೋತ್ಸವ, ಎಲ್ಲವೂ ರಸ್ತೆಯ ಮೇಲೆಯೇ.

ಅಂದ್ರೆ ಹಬ್ಬಕ್ಕೂ ಬಸ್ಸಿಗೂ ಜಾಗ ಒಂದೇ. ಟಿಳಕವಾಡಿಯ ಮೊದಲನೇ ಗೇಟ್, ಎರಡನೇ ಗೇಟ್, ಮೂರನೇ ಗೇಟ್ ಅಂತ ವಿಳಾಸ ಹೇಳೋ ಪದ್ಧತಿ ನೋಡ್ರಿ. ಗೇಟ್ ಅಂದ್ರೆ ರೈಲ್ವೆ ಗೇಟ್. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಿನವರು ಗೇಟ್ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದಿದ್ದಾರೆ. ಈಗ ಗೋಗಟೆ ವೃತ್ತ, ಕಪಿಲೇಶ್ವರ, ಮೂರನೇ ಗೇಟ್, ಇಲ್ಲೆಲ್ಲ ಮೇಲ್ಸೇತುವೆ ಬಂದಿವೆ. ಹಳಿಯ ಮೇಲೆ ವಿದ್ಯುತ್ ತಂತಿಯೂ ಬಂದಿದೆ, 25,000 ವೋಲ್ಟಿನದು. ತಂತಿ ಬಂದ ಕಡೆ ಗೇಟಿನ ಎರಡೂ ಬದಿಗೆ ಎತ್ತರದ ಮಿತಿ ತೋರಿಸೋ ಕಮಾನು ನಿಲ್ಲಿಸ್ತಾರೆ. ಹಿಂದೆ ಮಂಡಳಿಗಳು ನಮ್ಮ ಗಣಪತಿ ಎತ್ತರ, ನಿಮ್ಮದು ಗಿಡ್ಡ ಅಂತ ಪೈಪೋಟಿ ಮಾಡ್ತಿದ್ವು. ಈಗ ಗೇಟ್ ದಾಟಬೇಕಾದ ಗಣಪತಿಯ ಎತ್ತರವನ್ನ ರೈಲ್ವೆ ನಿರ್ಧಾರ ಮಾಡ್ತದೆ. ಸಾರಿಗೆ ಸುಧಾರಿಸಿದಾಗ ಹಬ್ಬವೂ ಸ್ವಲ್ಪ ಬಗ್ಗಬೇಕು. ಅದಕ್ಕೆ ಮಂಡಳಿಗಳನ್ನ ಕರೆದು ಸಭೆ ಮಾಡ್ತಾರೆ, ಮಾತಾಡ್ತಾರೆ, ಒಂದು ದಾರಿ ಹುಡುಕ್ತಾರೆ. ಹಬ್ಬದ ವಿಷಯಕ್ಕೆ ನಮ್ಮಲ್ಲಿ ಸಭೆ ತಪ್ಪೋದಿಲ್ಲ.

ಇನ್ನು ಬಸ್ಸು. ಸ್ವಾತಂತ್ರ್ಯ ಬಂದಾಗ ಬೆಳಗಾವಿ ಇದ್ದದ್ದು ಮುಂಬೈ ಪ್ರಾಂತದಲ್ಲಿ. ಅಲ್ಲಿ 1948ರ ಜೂನ್‌ನಲ್ಲಿ ಸರ್ಕಾರಿ ಬಸ್ಸು ಶುರುವಾಯ್ತು. ಮೈಸೂರು ಸಂಸ್ಥಾನದಲ್ಲಿ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. 1956ರ ನವೆಂಬರ್ 1ಕ್ಕೆ ಚಂದಗಡ ತಾಲ್ಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬಸ್ಸಿನ ಮೈಮೇಲಿನ ಹೆಸರು ಬದಲಾಗ್ತಾ ಹೋಯ್ತು. 1961ರಲ್ಲಿ ನಿಗಮ ಆಯ್ತು, 1973ರಲ್ಲಿ ರಾಜ್ಯದ ಹೆಸರಿನ ಜೊತೆ ಕರ್ನಾಟಕ ಅಂತ ಆಯ್ತು, 1997ರ ನವೆಂಬರ್ 1ಕ್ಕೆ ಹುಬ್ಬಳ್ಳಿಯನ್ನ ಕೇಂದ್ರ ಮಾಡ್ಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬಂತು. ಬೋರ್ಡು ಏನೇ ಇರಲಿ, ಹಳ್ಳಿಯವರ ಬಾಯಲ್ಲಿ ಅದು ಇವತ್ತಿಗೂ 'ಸರ್ಕಾರಿ ಗಾಡಿ'.

ನಾನು ಖಾನಾಪುರ ತಾಲ್ಲೂಕಿನವ. ನಮ್ಮ ಕಡೆ ಒಂದು ಪದ ಐತಿ: ವಸ್ತಿ ಬಸ್ಸು. ಹೊಸಬರಿಗೆ ಹೇಳ್ತೀನಿ ಕೇಳ್ರಿ. ರಾತ್ರಿ ಕೊನೇ ಟ್ರಿಪ್ಪಿಗೆ ಊರಿಗೆ ಬಂದ ಬಸ್ಸು ವಾಪಸ್ ಡಿಪೋಕ್ಕೆ ಹೋಗೋದಿಲ್ಲ. ಊರಲ್ಲೇ ನಿಲ್ತದೆ. ಚಾಲಕ, ನಿರ್ವಾಹಕ ಇಬ್ಬರೂ ಬಸ್ಸಿನಲ್ಲೋ, ಗುಡಿಯ ಕಟ್ಟೆ ಮೇಲೋ ಮಲಗ್ತಾರೆ. ಬೆಳಿಗ್ಗೆ ಅದೇ ಬಸ್ಸು ಮೊದಲ ಗಾಡಿಯಾಗಿ ಹೊರಡ್ತದೆ. ಹಾಲಿನ ಕ್ಯಾನು, ಕಾಯಿಪಲ್ಲೆ ಬುಟ್ಟಿ, ಕಾಲೇಜಿನ ಚೀಲ, ಬೆಳಗಾವಿ ಆಸ್ಪತ್ರೆಗೆ ಹೊರಟ ಅಜ್ಜ, ಎಲ್ಲ ಅದರೊಳಗೆ. ನಮ್ಮ ಅಜ್ಜಿ ವಸ್ತಿ ಬಸ್ಸಿನವರಿಗೆ ರೊಟ್ಟಿ ಕೊಟ್ಟು ಕಳಿಸೋಳು. ಯಾರೂ ಹೇಳಿದ್ದಲ್ಲ, ಯಾವ ಸುತ್ತೋಲೆಯಲ್ಲೂ ಬರೆದದ್ದಲ್ಲ. ಓಣಿಯ ಹೆಂಗಸರು ತಮ್ಮತಮ್ಮಲ್ಲೇ ಪಾಳಿ ಮಾಡ್ಕೊಂಡಿದ್ರು. ಬಸ್ಸು ನಮ್ಮೂರಿಗೆ ತಪ್ಪದೆ ಬರಬೇಕಂದ್ರೆ ಬಸ್ಸಿನವರಿಗೆ ನಮ್ಮೂರು ತಮ್ಮೂರು ಅನ್ನಿಸಬೇಕು. ಅಷ್ಟೇ ಲೆಕ್ಕ.

ಇದರ ಎದುರಿಗೆ ಜಾತ್ರೆ ಬಸ್ಸನ್ನ ಇಟ್ಟು ನೋಡೋಣ. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತಂದ್ರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೆಚ್ಚುವರಿ ಬಸ್ಸುಗಳು ಸಾಲುಗಟ್ಟಿ ಹೊರಡ್ತವೆ. ಜನವರಿ 26ಕ್ಕೆ ನಂದಗಡದ ದಾರಿ ತುಂಬಿ ಹೋಗ್ತದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನ ಗಲ್ಲಿಗೇರಿಸಿದ ಊರು, ಅವನ ಸಮಾಧಿ ಇರೋ ಊರು. ಮದುವೆಗೆ, ದೊಡ್ಡ ಸಮಾವೇಶಗಳಿಗೆ ಬಸ್ಸು ಒಪ್ಪಂದದ ಮೇಲೆ ಹೋಗ್ತವೆ. ಒಳ್ಳೇದೇ. ಆದ್ರೆ ಡಿಪೋದಲ್ಲಿ ಇರೋ ಗಾಡಿ ಎಣಿಸಿದಷ್ಟೇ. ಜಾತ್ರೆ ಅಂತ ಹೊಸ ಬಸ್ಸು ಆಕಾಶದಿಂದ ಬೀಳೋದಿಲ್ಲ. ಎಲ್ಲೋ ಒಂದು ಹಳ್ಳಿಯ ಟ್ರಿಪ್ ರದ್ದಾದಾಗಲೇ ಇನ್ನೊಂದು ಕಡೆ 'ವಿಶೇಷ ಬಸ್ಸು' ಅಂತ ಬೋರ್ಡು ಏರೋದು. ಸಮಾವೇಶದ ಸುದ್ದಿ ಪೇಪರಿನಲ್ಲಿ ಬರ್ತದೆ. ಆ ದಿನ ಬಸ್ಸು ಬರದ ಹಳ್ಳಿಯ ಸುದ್ದಿ ಎಲ್ಲೂ ಬರೋದಿಲ್ಲ.

ಇದರ ಬೆಲೆ ಯಾರು ಕೊಡ್ತಾರೆ? ನಮ್ಮ ಉತ್ತರ ಕರ್ನಾಟಕದ ಕಾಲೇಜುಗಳಲ್ಲಿ 'ಗ್ಯಾದರಿಂಗ್' ಅಂತ ಒಂದು ಹಬ್ಬ ಇರ್ತದೆ, ವಾರ್ಷಿಕ ಸ್ನೇಹ ಸಮ್ಮೇಳನ. ನಾಟಕ, ಹಾಡು, ಬಹುಮಾನ. ನಾನು ಬೆಳಗಾವಿಯಲ್ಲಿ ಓದುವಾಗ ಖಾನಾಪುರ ಕಡೆಯ ಹುಡುಗಿಯರು ಗ್ಯಾದರಿಂಗ್ ಅರ್ಧಕ್ಕೇ ಎದ್ದು ಹೋಗೋರು. ತಿಂಗಳುಗಟ್ಟಲೆ ತಾಲೀಮು ಮಾಡಿದ ನಾಟಕದಲ್ಲಿ ಮೊದಲ ಅಂಕದಲ್ಲಿ ಸಾಯೋ ಪಾತ್ರ ಕೇಳಿ ತಗೊಂಡವಳು ಒಬ್ಬಳಿದ್ಲು. 'ಲಗೂನ ಸತ್ರ ಲಗೂನ ಬಸ್ ಸಿಗತೈತಿ' ಅನ್ನೋಳು. ನಾವೆಲ್ಲ ನಗ್ತಿದ್ವಿ, ಅವಳೂ ನಗ್ತಿದ್ಲು. ಚೆನ್ನಾಗಿ ಅಭಿನಯ ಮಾಡ್ತಿದ್ಲು ಅನ್ನೋದು ಬೇರೆ ಮಾತು. ಅವಳ ಪಾತ್ರದ ಉದ್ದವನ್ನ ನಿರ್ಧಾರ ಮಾಡಿದ್ದು ನಾಟಕಕಾರ ಅಲ್ಲ, ಬಸ್ಸಿನ ವೇಳಾಪಟ್ಟಿ.

ಹಳೇ ಕಾಲದ ಬಯಲಾಟ ರಾತ್ರಿಯಿಡೀ ನಡೀತಿತ್ತು. ಪಕ್ಕದೂರಿನಿಂದ ನಡೆದೋ, ಬಂಡಿ ಕಟ್ಟಿಕೊಂಡೋ ಬಂದವರು ಬೆಳಕು ಹರಿದ ಮೇಲೆ ಮನೆ ದಾರಿ ಹಿಡೀತಿದ್ರು. ಇವತ್ತಿನ ಕಾರ್ಯಕ್ರಮ ಸಂಜೆ ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗೀತದೆ. ಬೈಕ್ ಇದ್ದವರಿಗೆ ಅದು ಚಂದ. ಬಸ್ಸನ್ನೇ ನಂಬಿದವರಿಗೆ ಅದು ಬಾಗಿಲು ಹಾಕಿದ ಮನೆ. ಪುಸ್ತಕ ಬಿಡುಗಡೆ, ಸಂಗೀತ, ಓಣಿಯ ವಾಚನಾಲಯದ ಉಪನ್ಯಾಸ, ಯಾವುದೇ ಇರಲಿ, ಸಾರ್ವಜನಿಕ ಕಾರ್ಯಕ್ರಮ ಅಂತ ಬೋರ್ಡು ಹಾಕಿದ್ರೆ ಸಾಲದು. ಸಾರ್ವಜನಿಕರು ವಾಪಸ್ ಹೋಗೋದು ಹೇಗೆ ಅಂತಲೂ ನೋಡಬೇಕು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಇದನ್ನ ಹೊಗಳೋರೂ ಇದ್ದಾರೆ, ಬೈಯೋರೂ ಇದ್ದಾರೆ. ಇತಿಹಾಸದ ದೃಷ್ಟಿಯಿಂದ ನನಗೆ ಕಾಣೋದು ಇಷ್ಟು: ಹಣದ ಅಡ್ಡಿ ಹೋದ ಮೇಲೆ ಇನ್ನೊಂದು ಅಡ್ಡಿ ಬರಿಗಣ್ಣಿಗೆ ಕಾಣೋಕೆ ಶುರುವಾಯ್ತು. ಟಿಕೆಟ್ ಸೊನ್ನೆ ಆದ್ರೂ ಬಸ್ಸು ಬರದಿದ್ರೆ ಪ್ರಯಾಣವೂ ಸೊನ್ನೆಯೇ. ಬಸ್ಸು ತುಂಬಿ ತುಳುಕೋಕೆ ಶುರುವಾದಾಗ, ಇಷ್ಟು ಜನಕ್ಕೆ ಹೊರಗೆ ಹೋಗೋ ಆಸೆ ಮೊದಲಿನಿಂದ ಇತ್ತು ಅನ್ನೋದು ಬಯಲಾಯ್ತು.

ರೈಲಿನ ಕಡೆಗೂ ಅದೇ ಕಥೆ. ಮೊದಲೆಲ್ಲ ಮುಂಬೈಯಿಂದ ಬ್ರಾಡ್ ಗೇಜಿನಲ್ಲಿ ಬಂದವರು ಮಿರಜದಲ್ಲಿ ಇಳಿದು ಮೀಟರ್ ಗೇಜ್ ಗಾಡಿ ಹತ್ತಬೇಕಿತ್ತು. 1990ರ ದಶಕದಲ್ಲಿ ಹಳಿ ಅಗಲ ಆಯ್ತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಬಂತು. 2023ರ ಫೆಬ್ರವರಿ 27ಕ್ಕೆ ಪ್ರಧಾನಿ ಬಂದು ಬೆಳಗಾವಿಯ ಹೊಸ ನಿಲ್ದಾಣ ಕಟ್ಟಡವನ್ನ, ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಹಳಿಯನ್ನ ಉದ್ಘಾಟಿಸಿದರು. ನಿಲ್ದಾಣಕ್ಕೆ ಸುಮಾರು 190 ಕೋಟಿ, ಜೋಡಿ ಹಳಿಗೆ ಸುಮಾರು 930 ಕೋಟಿ. ಒಂಟಿ ಹಳಿ ಇದ್ದಾಗ ಎದುರಿನ ಗಾಡಿಗೆ ದಾರಿ ಬಿಡೋಕೆ ದೇಸೂರಿನಲ್ಲೋ ಖಾನಾಪುರದಲ್ಲೋ ನಿಲ್ತಿದ್ದ ಹೊತ್ತು ಉಳೀತು. 2025ರ ಆಗಸ್ಟ್ 10ಕ್ಕೆ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಬಂತು. ಅದು ಖಾನಾಪುರದ ಮೇಲೆಯೇ ಹೋಗ್ತದೆ, ಖಾನಾಪುರದಲ್ಲಿ ನಿಲ್ಲೋದಿಲ್ಲ.

ಅದು ತಪ್ಪು ಅಂತ ನಾನು ಹೇಳ್ತಿಲ್ಲ. ವೇಗದ ಗಾಡಿ ಎಲ್ಲ ಕಡೆ ನಿಂತರೆ ವೇಗ ಎಲ್ಲಿಂದ ಬರಬೇಕು? ಆದ್ರೆ ವೇಗದ ಗಾಡಿ ಬಂದಾಗ ನಿಧಾನದ ಗಾಡಿಯನ್ನೂ ಕಾಪಾಡಬೇಕು. 2020ರ ಲಾಕ್‌ಡೌನ್‌ನಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತವು. ಮತ್ತೆ ಓಡಿದಾಗ ದೇಶದ ತುಂಬ ಅವಕ್ಕೆ ಎಕ್ಸ್‌ಪ್ರೆಸ್ ದರ ಹಾಕಿದ್ರು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯ್ತು. ಅದು ಮತ್ತೆ 10ಕ್ಕೆ ಇಳಿಯೋಕೆ 2024ರವರೆಗೆ ಕಾಯಬೇಕಾಯ್ತು. ಗುಂಜಿ, ಇದ್ದಲಹೊಂಡದಂಥ ಸಣ್ಣ ನಿಲ್ದಾಣಗಳ ಕೂಲಿಕಾರರಿಗೆ 20 ರೂಪಾಯಿ ಅಂದ್ರೆ ಏನು ಅಂತ ಅವರನ್ನೇ ಕೇಳಬೇಕು.

ಇನ್ನೂ ಒಂದು ಮಾತು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ನೇರ ಹಳಿ, ಸುಮಾರು 73 ಕಿಲೋಮೀಟರ್, ಮಂಜೂರಾಗಿದೆ. ಅದರ ಹಿಂದೆ ಬಿದ್ದವರು ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದು, 2020ರಲ್ಲಿ ತೀರಿಕೊಂಡ ಸುರೇಶ ಅಂಗಡಿ. ಕಿತ್ತೂರಿಗೆ ರೈಲು ಬರೋದು ಬಹಳ ದೊಡ್ಡ ವಿಷಯ. ಆದ್ರೆ ಆ ಹಳಿ ಬಂದ ದಿನ ಬೆಂಗಳೂರಿನ ಗಾಡಿಗಳಿಗೆ ಲೋಂಡಾ ಸುತ್ತಿ ಬರೋ ಅಗತ್ಯ ಕಡಿಮೆ ಆಗ್ತದೆ. ಖಾನಾಪುರದವರು ಆಗ ಕೇಳೋದಕ್ಕಿಂತ ಈಗಲೇ ಕೇಳಬೇಕು: ನಮ್ಮ ಹಳಿಯ ಮೇಲೆ ದಿನಾ ಬೆಳಿಗ್ಗೆ, ದಿನಾ ಸಂಜೆ ಓಡೋ ಗಾಡಿ ಯಾವುದು?

ದೊಡ್ಡ ಸಮಾರಂಭಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. 2003ರಲ್ಲಿ ಪಾಟೀಲ ಪುಟ್ಟಪ್ಪನವರ ಅಧ್ಯಕ್ಷತೆಯಲ್ಲಿ 70ನೇ ಕನ್ನಡ ಸಾಹಿತ್ಯ ಸಮ್ಮೇಳನ. 2006ರಲ್ಲಿ ಇಲ್ಲಿ ಮೊದಲ ಸಲ ವಿಧಾನಮಂಡಲ ಅಧಿವೇಶನ. 2011ರ ಮಾರ್ಚ್‌ನಲ್ಲಿ ವಿಶ್ವ ಕನ್ನಡ ಸಮ್ಮೇಳನ. 2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧ. 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿ. 2024ರ ಡಿಸೆಂಬರ್‌ನಲ್ಲಿ ಗಾಂಧಿ ಅಧಿವೇಶನದ ಶತಮಾನೋತ್ಸವಕ್ಕೆ ಇಡೀ ಊರಿಗೆ ದೀಪ ಹಾಕಿದ್ರು, ನೋಡೋಕೆ ಹಳ್ಳಿಹಳ್ಳಿಯಿಂದ ಜನ ಬಂದ್ರು. ಪ್ರತಿ ಸಲವೂ ನಾನು ಕೇಳಿಕೊಳ್ಳೋದು ಒಂದೇ: ಇದರಲ್ಲಿ ಬಾವಿ ಯಾವುದು, ತಾತ್ಕಾಲಿಕ ನಿಲ್ದಾಣ ಯಾವುದು? ದೀಪ ಬಿಚ್ಚಿ ಲಾರಿಗೆ ಹಾಕಿದ ಮೇಲೆ ಏನು ಉಳೀತು?

ಗಡಿ ಊರಿಗೆ ಇನ್ನೊಂದು ಪೆಟ್ಟು ಐತಿ. ಭಾಷೆಯ ಗಲಾಟೆ ಎದ್ದಾಗ ಮೊದಲು ನಿಲ್ಲೋದೇ ಬಸ್ಸು. 2022ರ ಡಿಸೆಂಬರ್‌ನಲ್ಲಿ ನಿಂತಿತ್ತು, 2025ರ ಫೆಬ್ರವರಿಯಲ್ಲೂ ಎರಡು ರಾಜ್ಯಗಳ ನಡುವೆ ಬಸ್ಸು ನಿಂತಿತ್ತು. ಬಸ್ಸು ಅಂದ್ರೆ ಕನ್ನಡದ ಅಜ್ಜಿ ಮರಾಠಿ ಅಜ್ಜಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡೋ ಜಾಗ. ಅದಕ್ಕೆ ಕಲ್ಲು ಬಿದ್ದ ದಿನ ಎರಡೂ ಮನೆಯ ಮಕ್ಕಳು ನಡೀತಾರೆ.

ಖಾನಾಪುರದ ಪಶ್ಚಿಮಕ್ಕೆ ಹೋದ್ರೆ ನಡಿಗೆ ಮಾತಿನ ಅಲಂಕಾರ ಅಲ್ಲ. ಮಲಪ್ರಭಾ ಹುಟ್ಟೋ ಕಣಕುಂಬಿಯ ಸುತ್ತ, ಭೀಮಗಡದ ಕಾಡಿನೊಳಗೆ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಯಿಲೆಯವರನ್ನ ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆಗೆ ತರಬೇಕಾದ ಊರುಗಳಿವೆ. ಅಭಯಾರಣ್ಯದ ನಿಯಮ, ಜನರ ಬದುಕು, ಎರಡೂ ನಿಜ, ಎರಡರ ನಡುವೆ ಸಿಕ್ಕಿಬಿದ್ದವರೂ ನಿಜ. ಹೊರುವವರು ಯಾರು? ಅದೇ ಓಣಿಯ ಹುಡುಗರು. ಗಣಪತಿಯ ಟ್ರಾಲಿ ಎಳೆಯೋ ಅದೇ ಕೈಗಳು.

ಆ ಕೈಗಳ ಮೇಲೆ ನನಗೆ ಭರವಸೆ ಐತಿ. ಒಂದು ಗಣೇಶ ಮಂಡಳಿಯ ಕೆಲಸ ಗಮನಿಸಿ ನೋಡ್ರಿ. ಪಟ್ಟಿ ಎತ್ತುತ್ತಾರೆ, ಲೆಕ್ಕ ಇಡ್ತಾರೆ, ಪೊಲೀಸರ ಪರವಾನಗಿ ತಗೋತಾರೆ, ವಿದ್ಯುತ್ ಕಚೇರಿಗೆ ಅರ್ಜಿ ಕೊಡ್ತಾರೆ, ಮೆರವಣಿಗೆಯ ದಾರಿ ಗೆರೆ ಎಳೆದು ತೋರಿಸ್ತಾರೆ. ಇಷ್ಟು ಬರೋರಿಗೆ ಡಿಪೋ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆಯೋಕೆ ಬರೋದಿಲ್ವಾ? ಯಾವ ಟ್ರಿಪ್ ಎಷ್ಟು ದಿನ ತಪ್ಪಿತು, ನಿಲ್ದಾಣದಲ್ಲಿ ಎಷ್ಟು ವಿದ್ಯಾರ್ಥಿಗಳು ಉಳಿದ್ರು, ಒಂದು ತಿಂಗಳು ವಹಿಯಲ್ಲಿ ಬರೆದಿಡ್ರಿ. ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿಸ್ರಿ. ರಸ್ತೆ ತಡೆ ಒಂದು ದಿನದ ಸುದ್ದಿ. ವಹಿ ಇದ್ದಲ್ಲಿ 'ಎಲ್ಲ ಸರಿಯಾಗಿ ಓಡ್ತಿದೆ' ಅನ್ನೋ ಉತ್ತರ ನಡೆಯೋದಿಲ್ಲ. ಹಾಗೇ, ಕಾರ್ಯಕ್ರಮದ ಕರಪತ್ರದಲ್ಲಿ ಮುಖ್ಯ ಅತಿಥಿಯ ಹೆಸರಿನ ಕೆಳಗೆ ಒಂದು ಸಾಲು ಸೇರಿಸ್ರಿ: ಖಾನಾಪುರಕ್ಕೆ ಕೊನೇ ಬಸ್ಸು ಇಷ್ಟು ಗಂಟೆಗೆ, ಅದಕ್ಕೂ ಅರ್ಧ ತಾಸು ಮೊದಲು ಕಾರ್ಯಕ್ರಮ ಮುಗೀತದೆ. ಇದಕ್ಕೆ ಸರ್ಕಾರದ ಒಂದು ಪೈಸೆ ಬೇಡ.

ಹಬ್ಬ ಇರಲಿ, ಜೋರಾಗೇ ಇರಲಿ. ಆದ್ರೆ ಊರಿನ ನಿಜವಾದ ಗುಣ ಗೊತ್ತಾಗೋದು ಬಾಜಾ ಬಜಂತ್ರಿ ನಿಂತ ಮರುದಿನ, ಬೆಳಿಗ್ಗೆ ಆರರ ಬಸ್ಸು ಬಂತಾ ಇಲ್ವಾ ಅನ್ನೋದರಲ್ಲಿ.

ನಿಮ್ಮೂರಿಗೆ ಕೊನೇ ಬಸ್ಸು ಎಷ್ಟಕ್ಕೆ? ವಸ್ತಿ ಬಸ್ಸು ಈಗಲೂ ಐತ್ಯಾ? ಒಂದು ವಾಯ್ಸ್ ನೋಟ್ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ದನಿಯಲ್ಲೇ ಕೇಳಿಸ್ತೀವಿ. ಅಲ್ಲೀ ತನಕ, ಕಂಬಿ ಗಟ್ಟಿ ಹಿಡ್ಕೊಳ್ರಿ. ಬರ್ತೀನ್ರೀ.